ಸಿರುಗುಪ್ಪದಲ್ಲಿ ಡ್ರಮ್ಮು ಮಗುಚಿದ ಬೆಳಿಗ್ಗೆ

ನಮ್ಮ ಡ್ರಮ್ಮಣ್ಣ ಹೋಗಿಬಿಟ್ಟ. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆದರೆ ಬರೀ ಒಳ್ಳೆಯದನ್ನೇ ಆಡಿದರೆ ಇವನು ಯಾರ ಕತೆ ಹೇಳುತ್ತಿದ್ದಾನೆ ಎಂದು ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ಮಂದಿಯೆಲ್ಲ ನಕ್ಕಾರು. ಅವನು ಹಟಮಾರಿ, ಬಾಯಿಬಡುಕ, ಪಂಕ್ತಿಯಲ್ಲಿ ಕೂತರೆ ಎಲೆ ಬಿಟ್ಟು ಏಳುವವನಲ್ಲ. ಡ್ರಮ್ಮಿನ ಕೋಲು ಕೈಯಲ್ಲಿ ಇಲ್ಲದಾಗ ಲೋಟ, ಬಾಗಿಲು, ಕಡೆಗೆ ನನ್ನ ಬೆನ್ನು, ಯಾವುದು ಸಿಕ್ಕರೂ ಅದರ ಮೇಲೆ ಬಾರಿಸುತ್ತಿದ್ದ. ಅವನ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಊರಿಗೆಲ್ಲ ಅವನು ಡ್ರಮ್ಮಣ್ಣ.

ಅವನು ಬಾರಿಸುತ್ತಿದ್ದ ಮದುವೆ ಬ್ಯಾಂಡಿನಲ್ಲೇ ನಾನು ಕ್ಲಾರಿಯೋನೆಟ್ ಊದುತ್ತಿದ್ದೆ. ಮೆರವಣಿಗೆಯಲ್ಲಿ ಊದುವವರು ಮುಂದೆ, ಬಾರಿಸುವವರು ಹಿಂದೆ. ಹಾಗಾಗಿ ನನ್ನ ಅರ್ಧ ಆಯುಷ್ಯ ಅವನಿಗೆ ಬೆನ್ನು ಕೊಟ್ಟುಕೊಂಡು ನಡೆದದ್ದರಲ್ಲೇ ಹೋಯಿತು. ಅವನ ಮುಖ ನೋಡದೆಯೇ ಅವನಿಗೆ ಹಸಿವಾಗಿದೆಯೋ, ಸಿಟ್ಟು ಬಂದಿದೆಯೋ, ರಸ್ತೆ ಬದಿಯಲ್ಲಿ ಯಾರಾದರೂ ಚೆಂದದವರು ನಿಂತಿದ್ದಾರೋ ಎಂದು ಕೋಲಿನ ಸದ್ದಿನಿಂದಲೇ ಹೇಳುತ್ತಿದ್ದೆ. ಅವನ ನೂರು ಪ್ರಸಂಗ ಹೇಳಬಹುದು. ಸಿರುಗುಪ್ಪದ ಮದುವೆಯದೊಂದನ್ನು ಹೇಳುತ್ತೇನೆ. ಅದರಲ್ಲಿ ಅವನ ದಡ್ಡತನವೂ ಇದೆ, ಬುದ್ಧಿಯೂ ಇದೆ.

ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಪೆಟ್ರೋಲಿಗೆ ಇನ್ನೂ ಬರ, ಬಸ್ಸುಗಳು ಹಿಂಬದಿಗೆ ದೊಡ್ಡ ಒಲೆ ಕಟ್ಟಿಕೊಂಡು ಇದ್ದಲಿನ ಹೊಗೆಯಲ್ಲೇ ಓಡುತ್ತಿದ್ದವು. ಮದುವೆಗಳು ಮಾತ್ರ ಮತ್ತೆ ಜೋರಾಗಿದ್ದವು. ನಮ್ಮ ಮೇಳ ಸಣ್ಣದು. ಕಾರ್ನೆಟ್ ಊದುವ ಮಾಸ್ತರರೇ ಯಜಮಾನರು. ಆಮೇಲೆ ನಾನು, ಇನ್ನಿಬ್ಬರು ಊದುವವರು, ದೊಡ್ಡ ಡ್ರಮ್ಮಿನವನೊಬ್ಬ, ಸಣ್ಣ ಡ್ರಮ್ಮಿಗೆ ಇವನು. ಮೈಮೇಲೆ ಕಂಟೋನ್ಮೆಂಟಿನ ಹರಾಜಿನಲ್ಲಿ ಹಿಡಿದ ಕೆಂಪು ಕೋಟು. ಗೋರಾ ಸಿಪಾಯಿಗಳ ಅಳತೆಯ ಕೋಟು ನಮ್ಮ ಮೊಣಕಾಲು ಮುಟ್ಟುತ್ತಿತ್ತು. ಸೆಖೆಗೆ ಒಳಗೆ ಅಂಗಿ ಹಾಕುತ್ತಿರಲಿಲ್ಲ, ಅದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ.

ಡ್ರಮ್ಮಣ್ಣನಿಗೆ ಒಂದು ಹುಚ್ಚು ಹಿಡಿದಿತ್ತು. ಯುದ್ಧದ ವರ್ಷಗಳಲ್ಲಿ ಬಳ್ಳಾರಿ ಸ್ಟೇಷನ್ನಿನಲ್ಲಿ ಸಿಪಾಯಿಗಳ ರೈಲುಗಳು ನಿಲ್ಲುತ್ತಿದ್ದವು. ಎದುರಿನ ಚಹಾದಂಗಡಿಯಲ್ಲಿ ಗ್ರಾಮಫೋನ್ ಇತ್ತು. ಹಾದುಹೋಗುತ್ತಿದ್ದ ಸಿಪಾಯಿಯೊಬ್ಬ ಅಂಗಡಿಯವನಿಗೆ ಒಂದು ಹಾಡಿನ ತಟ್ಟೆ ಕೊಟ್ಟುಹೋಗಿದ್ದ. ಅಮೆರಿಕದ ಕರಿಯರ ಹಾಡಂತೆ, ಬ್ಲೂಸ್ ಅಂತೆ. ಇವನ ಬಾಯಲ್ಲಿ ಅದು ಬುಲೂಸು. ಹಾಡಿನ ಒಂದಕ್ಷರವೂ ನಮಗೆ ತಿಳಿಯುತ್ತಿರಲಿಲ್ಲ. ಇವನು ಮಾತ್ರ ಗ್ರಾಮಫೋನಿನ ಸೊಂಡಿಲಿಗೆ ಕಿವಿ ಇಟ್ಟು, ಹಿಂದೆ ಸಣ್ಣಗೆ ಕೇಳುವ ಡ್ರಮ್ಮನ್ನೇ ಹಿಡಿಯುತ್ತಿದ್ದ. ಆ ಡ್ರಮ್ಮಿನಲ್ಲಿ ಪೆಟ್ಟು ಬೀಳಬೇಕಾದ ಕಡೆ ಬೀಳದೆ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಆದರೂ ತಾಳ ಕೆಡುತ್ತಿರಲಿಲ್ಲ. ಸಂಜೆ ಮೇದು ಮನೆಗೆ ಬರುವ ಎಮ್ಮೆಯ ನಡಿಗೆ ಅದು. ಅವಸರವಿಲ್ಲ, ಆದರೆ ಬರುವುದು ತಪ್ಪುವುದಿಲ್ಲ. ಇವನು ಅದನ್ನು ಮೆರವಣಿಗೆಯಲ್ಲೂ ಬಾರಿಸಲು ಹೋಗಿ ಮಾಸ್ತರರಿಂದ ಬೈಸಿಕೊಳ್ಳುತ್ತಿದ್ದ.

"ಲೇ, ಇದು ಮದುವಿ ಮೆರವಣಿಗಿ, ಎಮ್ಮಿ ಮೇಸಾದಲ್ಲ. ನಿನ್ನ ಬುಲೂಸು ಮನಿಯಾಗ ಇಟ್ಟು ಬಾ."

"ಇಡ್ತೀನ್ರಿ ಮಾಸ್ತರ, ಆದ್ರ ಕೈ ಕೇಳಂಗಿಲ್ಲರೀ," ಎನ್ನುತ್ತಿದ್ದ ಇವನು.

ಎರಡನೆಯ ಹುಚ್ಚು ಸಿರುಗುಪ್ಪದ್ದು. ಅಲ್ಲಿ ಅವನ ಸೋದರತ್ತೆಯ ಮನೆ. ಹಿಂದಿನ ವರ್ಷ ಹೋದಾಗ ಅತ್ತೆಯ ಕಟ್ಟೆಯ ಮೇಲೆ ಕೂತು ಬಾರಿಸಿದ್ದಾನೆ. ಪಕ್ಕದ ಮನೆಯ ಹುಡುಗಿ ಡ್ರಮ್ಮೊಂದರ ಹಗ್ಗ ಬಿಗಿಯುತ್ತಾ ಕೂತಿದ್ದಳು. ಅಲ್ಲಿಯ ಬ್ಯಾಂಡಿನ ಹಿರಿಯ ಡ್ರಮ್ಮಿನವನ ಮಗಳು ಅವಳು. ಇವನು ಕೈಚಳಕವನ್ನೆಲ್ಲ ತೋರಿಸಿ ಮುಗಿಸಿದ ಮೇಲೆ, ತಲೆ ಎತ್ತದೆಯೇ, "ಬಲಗೈ ಚೆಂದ ಐತಿ. ಎಡಗೈ ಮಲಗ್ತೈತಿ, ಎಬ್ಬಸ್ರಿ," ಎಂದಳಂತೆ. ಬಳ್ಳಾರಿಗೆ ಬಂದವನೇ ನನಗೆ ಹೇಳಿದ: "ಮದುವಿ ಆದ್ರ ಆಕೀನ್ನ ಲೇ. ಹೊಗಳೋರು ಎಲ್ಲಿಬೇಕಾದ್ರೂ ಸಿಗತಾರ."

ಅತ್ತೆ ಮಾತು ಎತ್ತಿದಳು. ಹುಡುಗಿಗೂ ಮನಸ್ಸಿತ್ತು. ಅವಳ ಅಪ್ಪ, ಆ ಮುದುಕ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಳ್ಳಾರಿಯ ಬ್ಯಾಂಡಿನವರಿಗೆ ಸದ್ದು ಮಾಡುವುದು ಗೊತ್ತು, ಬಾರಿಸುವುದು ಗೊತ್ತಿಲ್ಲ ಎನ್ನುವುದು ಅವನ ನಂಬಿಕೆ. ಹೀಗೆ ಮಾತು ಅರ್ಧಕ್ಕೆ ನಿಂತಿದ್ದಾಗ, ಮಾಘ ಮಾಸದಲ್ಲಿ ನಮಗೆ ಕುರುಗೋಡಿನ ಸಾಹುಕಾರರೊಬ್ಬರ ಮಗನ ಮದುವೆಗೆ ಕರೆ ಬಂತು. ಹೆಣ್ಣಿನ ಊರು ಸಿರುಗುಪ್ಪ. ದಿಬ್ಬಣದ ಜೊತೆ ನಾವೂ ಹೋಗಬೇಕು.

ದಿಬ್ಬಣ ಹೊರಡುವ ಹಿಂದಿನ ದಿನವೇ ಕುರುಗೋಡಿಗೆ ಹೋದೆವು. ಅಲ್ಲಿ ನಮ್ಮ ವಾದ್ಯಗಳಿಗೆ ಹಬ್ಬ. ಊರಿನ ಬೆನ್ನಿಗೇ ಕಲ್ಲಿನ ಗುಡ್ಡ, ಮಾಘದಲ್ಲೂ ಮಧ್ಯಾಹ್ನಕ್ಕೆ ಬಂಡೆ ಕಾದಿರುತ್ತದೆ. ಡ್ರಮ್ಮಣ್ಣ ಡ್ರಮ್ಮಿನ ಮುಖವನ್ನು ಬಂಡೆಗೆ ಆನಿಸಿ ಇಟ್ಟು, ಆಗಾಗ ತಿರುಗಿಸಿ, ಹಗ್ಗಕ್ಕೆ ಕೋದ ತೊಗಲಿನ ಕಿವಿಗಳನ್ನು ಒಂದೊಂದಾಗಿ ಕೆಳಕ್ಕೆ ಜಗ್ಗುತ್ತಿದ್ದ. ಕಿವಿ ಇಳಿದಷ್ಟೂ ಹಗ್ಗ ಬಿಗಿಯುತ್ತದೆ, ಹಗ್ಗ ಬಿಗಿದಷ್ಟೂ ತೊಗಲು ಮಾತಾಡುತ್ತದೆ. ಬೆರಳಿನಿಂದ ತಟ್ಟಿದರೆ ಗುಡ್ಡ ಮಾರುತ್ತರ ಕೊಡುವ ಹಾಗಿತ್ತು. ಮದುಮಗನ ತಂದೆ ಬಂದು ಕೇಳಿ ಮೀಸೆಯಲ್ಲೇ ನಕ್ಕರು.

"ಇದ ಸದ್ದು ಸಿರುಗುಪ್ಪದಾಗೂ ಬರಬೇಕು, ಮಾಸ್ತರ. ಎದುರುಗೊಳ್ಳಾಗ ಅವ್ರ ಬ್ಯಾಂಡಿನ ಮುಂದ ನೀವು ಮೊದ್ಲು ನಿಂದರಬಾರದು. ನಿಂತ್ರ ನಮ್ಮ ಮನೆತನದ ಮದುವಿಗೆಲ್ಲಾ ಇನ್ಮುಂದ ಆದೋನಿ ಬ್ಯಾಂಡಿನವ್ರನ್ನ ಕರಸ್ತೀನಿ, ನೋಡ್ರಿ."

ಎದುರುಗೊಳ್ಳುವುದೆಂದರೆ ಇಷ್ಟು. ಗಂಡಿನ ದಿಬ್ಬಣ ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೆಣ್ಣಿನ ಕಡೆಯವರು ಬ್ಯಾಂಡು ಬಾರಿಸಿಕೊಂಡು ಎದುರು ಬರುತ್ತಾರೆ. ಹೆಣ್ಣಿನ ತಂದೆ ಬೀಗರ ಕಾಲು ತೊಳೆದು ಪಾನಕ ಕೊಟ್ಟು ಒಳಗೆ ಕರೆಯುತ್ತಾನೆ. ಆ ಹೊತ್ತಿನಲ್ಲಿ ಎರಡೂ ಬ್ಯಾಂಡುಗಳು ಎದುರುಬದುರು ನಿಂತು ಬಾರಿಸುತ್ತವೆ, ಯಾರ ಡ್ರಮ್ಮು ಮೊದಲು ನಿಲ್ಲುತ್ತದೋ ಅವರು ಸೋತಂತೆ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಆದರೆ ಮದುವೆಯ ಸಾರು ಮರೆತರೂ ಯಾರ ಬ್ಯಾಂಡು ನಿಂತಿತು ಎನ್ನುವುದನ್ನು ಜನ ಮರೆಯುತ್ತಿರಲಿಲ್ಲ.

ಸಾಹುಕಾರರು ಹೋದ ಮೇಲೆ ಡ್ರಮ್ಮಣ್ಣ ಮಾಸ್ತರರನ್ನು ಕೇಳಿದ, "ಅವ್ರ ಕಡಿ ಯಾರ ಬ್ಯಾಂಡ್ರೀ?"

"ಸಿರುಗುಪ್ಪದ್ದ. ನಿನಗ ಮಾವ ಆಗಬೇಕಂತೀಯಲ್ಲ, ಆ ಮುದುಕಂದು."

ಡ್ರಮ್ಮಣ್ಣ ಜಗ್ಗುತ್ತಿದ್ದ ಕಿವಿಯನ್ನು ಅಲ್ಲಿಗೇ ಬಿಟ್ಟ. ಅವತ್ತು ರಾಗಿಮುದ್ದೆಯೋ ಜೋಳದ ರೊಟ್ಟಿಯೋ ಏನು ಬಡಿಸಿದರು ಎನ್ನುವುದೂ ಅವನಿಗೆ ತಿಳಿಯಲಿಲ್ಲ.

ಮರುದಿನ ದಿಬ್ಬಣದ ಬಸ್ಸು ಹೊರಟಿತು. ಇದ್ದಲಿನ ಬಸ್ಸು ಹೊರಡುವುದೇ ಒಂದು ಕಾರ್ಯಕ್ರಮ. ಕ್ಲೀನರ್ ಹಿಂದಿನ ಒಲೆಯ ಗಾಳಿಯಂತ್ರ ತಿರುವಿ ತಿರುವಿ ಬೆವರು ಸುರಿಸಿದ ಮೇಲೆ ಅದು ಕೆಮ್ಮಿತು, ಆಮೇಲೆ ನಡುಗಿತು, ಆಮೇಲೆ ಮನಸ್ಸು ಮಾಡಿತು. ಏರು ಬಂದಲ್ಲೆಲ್ಲ ಮದುಮಗನನ್ನು ಬಿಟ್ಟು ಎಲ್ಲರೂ ಇಳಿದು ನಡೆದೆವು. ಡ್ರಮ್ಮುಗಳು ಟಾಪಿನ ಮೇಲೆ ಟ್ರಂಕುಗಳ ನಡುವೆ ಕೂತು ಸುಖವಾಗಿ ಬಂದವು. ತೆಕ್ಕಲಕೋಟೆ ದಾಟುತ್ತಿದ್ದ ಹಾಗೆ ನೆಲದ ಬಣ್ಣ ಬದಲಾಯಿತು. ಕಾಲುವೆ, ಹಸಿರು, ಕೆಸರಿನ ವಾಸನೆ. ನಮ್ಮ ಕಡೆ ಒಂದು ಕೊಡ ನೀರಿಗೆ ಜಗಳವಾಡುವ ನಮಗೆ ಅಷ್ಟು ನೀರು ಸುಮ್ಮನೆ ಹರಿಯುವುದನ್ನು ಕಂಡು ಹೊಟ್ಟೆ ಉರಿಯಿತು.

ಸಂಜೆಯ ಹೊತ್ತಿಗೆ ಸಿರುಗುಪ್ಪದ ಹೊರಗೆ, ಕಾಲುವೆ ಪಕ್ಕದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಇಳಿದೆವು. ಎದುರುಗೊಳ್ಳುವುದು ಮರುದಿನ ಬೆಳಿಗ್ಗೆ. ಸುದ್ದಿ ತಿಳಿದು ಸೋದರತ್ತೆ ಅಲ್ಲಿಗೇ ಬುತ್ತಿ ತಂದಳು. ಬುತ್ತಿ ಬಿಚ್ಚುವ ಮೊದಲೇ ಡ್ರಮ್ಮಣ್ಣ, "ಏನಂತಾನ ಅತ್ತಿ, ಮುದುಕ?" ಎಂದ.

"ನಾಳೆ ನಿನ್ನ ಕೈ ನೋಡಿ ಹೇಳ್ತೀನಿ ಅಂದಾನ."

"ನಾ ಗೆದ್ರ?"

"ಅವನ ಊರಾಗ, ಅವನ ಮಂದಿ ಮುಂದ ಅವನ್ನ ಸೋಲಿಸಿದ್ರ ಮಗಳ್ನ ಕೊಡ್ತಾನೇನು? ಹುಚ್ಚ."

"ಹಂಗಾರ ಸೋಲ್ತೀನಿ ಬಿಡು."

"ಬೇಕಂತ ಸೋತ್ರ ಅವನಿಗೆ ಗೊತ್ತಾಗಂಗಿಲ್ಲೇನು? ಸುಳ್ಳು ಬಾರಸೋನಿಗೆ ಹೆಣ್ಣು ಕೊಡಂಗಿಲ್ಲ ಅಂತ ಮೊದ್ಲ ಹೇಳ್ಯಾನ. ಊಟ ಮಾಡು, ಆರತೈತಿ."

ಗೆದ್ದರೆ ಹುಡುಗಿ ಇಲ್ಲ. ಸೋತರೂ ಹುಡುಗಿ ಇಲ್ಲ, ಮೇಲೆ ಕುರುಗೋಡಿನ ಮದುವೆಗಳೂ ಇಲ್ಲ. ಇಷ್ಟು ಇಕ್ಕಟ್ಟಿನಲ್ಲೂ ಅವನು ಆ ಬುತ್ತಿಯನ್ನು ಒಂದು ಅಗುಳು ಬಿಡದೆ ಮುಗಿಸಿದ. ಹಿಂದಿನ ದಿನದ ಬಾಕಿಯೂ ಇತ್ತಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಗಿರಣಿಯ ಅಂಗಳವೆಲ್ಲ ಇಬ್ಬನಿ. ಕಾಲುವೆಯ ಮೇಲಿಂದ ಮಂಜು ಏಳುತ್ತಿತ್ತು. ಡ್ರಮ್ಮಣ್ಣ ಕೋಲು ತೆಗೆದು ಒಂದು ಪೆಟ್ಟು ಹಾಕಿದ. ಧೊಪ್ ಎಂದಿತು. ಇನ್ನೊಂದು ಹಾಕಿದ. ಅದೂ ಧೊಪ್. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗಿತ್ತು. ಕಿವಿಗಳನ್ನೆಲ್ಲ ಕೆಳಗಿನ ತನಕ ಜಗ್ಗಿಬಿಟ್ಟ, ಇನ್ನು ಜಗ್ಗಲು ಜಾಗವಿರಲಿಲ್ಲ, ಆದರೂ ತೊಗಲು ಏಳಲಿಲ್ಲ. ನಮ್ಮ ಬಳ್ಳಾರಿಯ ತೊಗಲು ಬಿಸಿಲಿಗೆ ಹುಟ್ಟಿ ಬಿಸಿಲಿಗೆ ಬೆಳೆದದ್ದು, ಇಷ್ಟು ತಂಪನ್ನು ಅದು ಕಂಡಿರಲಿಲ್ಲ.

"ಬಿಸಿಲು ಬರಲಿ ತಡಿ. ತಾನ ಏಳತೈತಿ," ಎಂದರು ಮಾಸ್ತರರು.

"ಬಿಸಿಲು ಬರೋದ್ರಾಗ ಅವ್ರು ಎದುರಿಗೆ ಬರ್ತಾರ್ರಿ. ಕಾಸ್ತೀನಿ," ಎಂದ ಇವನು.

ನಮ್ಮಲ್ಲಿ ಮಳೆಗಾಲದಲ್ಲಿ ತೊಗಲು ಕಾಸುವುದು ಹತ್ತಿಕಟ್ಟಿಗೆಯ ಕೆಂಡಕ್ಕೆ. ಹತ್ತಿಕಟ್ಟಿಗೆ ಉರಿದು ಆರಿದ ಮೇಲೆ ಉಳಿಯುವ ಕೆಂಡ ಬಹಳ ಹೊತ್ತು ಒಂದೇ ಸಮ ಕಾವು ಕೊಡುತ್ತದೆ. ಅದರ ಮೇಲೆ ಒಂದು ಮೊಳ ಎತ್ತರಕ್ಕೆ ಡ್ರಮ್ಮನ್ನು ಹಿಡಿದು ಸಾವಕಾಶ ತಿರುಗಿಸುತ್ತಿರಬೇಕು. ಭತ್ತದ ಸೀಮೆಯಲ್ಲಿ ಹತ್ತಿಕಟ್ಟಿಗೆ ಎಲ್ಲಿಂದ ಬರಬೇಕು? ಅಂಗಳದ ತುಂಬ ಭತ್ತದ ಹುಲ್ಲಿನ ಬಣವೆ. ಅವನು ಒಂದು ಹೊರೆ ಹುಲ್ಲು ಎಳೆದು ಕಡ್ಡಿ ಗೀರಿದ. ಇಬ್ಬನಿಗೆ ನೆನೆದ ಹುಲ್ಲು, ಹೊಗೆ ಎದ್ದಿತೇ ಹೊರತು ಉರಿ ಏಳಲಿಲ್ಲ. ಹೊಗೆಯಾಡುತ್ತಿದೆಯಲ್ಲ, ಒಳಗೆ ಕೆಂಡವಿದೆ ಎಂದು ನಮ್ಮ ಒಣಸೀಮೆಯ ಲೆಕ್ಕದಲ್ಲಿ ಡ್ರಮ್ಮನ್ನು ಅದರ ಮೇಲೆ ಹಿಡಿದು, ಬಗ್ಗಿ ಊದಿದ. ಊದುತ್ತಲೇ ಹುಲ್ಲು ಭಗ್ಗನೆ ಹತ್ತಿತು. ಡ್ರಮ್ಮಿನ ಸುತ್ತ ಉರಿ ಎದ್ದಿತು, ಅವನ ಹುಬ್ಬೂ ಸ್ವಲ್ಪ ಸುಟ್ಟಿತು. ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಪಟ್ಟೆಂದು ಸದ್ದು. ಮೇಲಿನ ತೊಗಲು ಅಂಚಿನಿಂದ ನಡುವಿನ ತನಕ ಬಿರಿದಿತ್ತು.

ಕಾಲುವೆಗೆ ನೀರಿಗೆ ಬಂದಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. "ಹುಲ್ಲಿಗೆ ಯಾರಾರ ತೊಗಲು ಕಾಸ್ತಾರೇನ್ರಿ ಯಪ್ಪಾ? ಹುಲ್ಲು ಅಂದ್ರ ಬೆಂಕಿಗೆ ಬೆಣ್ಣಿ ಇದ್ದಂಗ. ಬಳ್ಳಾರಿಯವ್ರೇನು ನೀವು?"

"ಹೂನಮ್ಮ," ಎಂದ ಡ್ರಮ್ಮಣ್ಣ, ಮುಖದ ಮಸಿ ಒರೆಸಿಕೊಳ್ಳುತ್ತ.

"ಅದ ಮತ್ತ," ಎಂದು ಅವಳು ಕೊಡ ಎತ್ತಿಕೊಂಡು ಹೋದಳು.

ಮಾಸ್ತರರ ಬಾಯಿಂದ ಆ ಹೊತ್ತು ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅರ್ಧ ತೆಲುಗಿನಲ್ಲಿ ಇದ್ದವು, ಉಳಿದರ್ಧ ಯಾವ ಭಾಷೆಯಲ್ಲೂ ಇರಲಿಲ್ಲ. ಅವರು ಸುಮ್ಮನಾದ ಮೇಲೆ ಏನು ಮಾಡುವುದು ಎಂದು ಯೋಚಿಸಿದೆವು. ಹೊಸ ತೊಗಲು ಗಂಟಿನಲ್ಲಿತ್ತು, ಆದರೆ ಅದನ್ನು ನೆನೆಸಿ, ಬಳೆಗೆ ಮಡಿಸಿ, ಕಟ್ಟಿ ಒಣಗಿಸಲು ಒಂದು ದಿನವಾದರೂ ಬೇಕು. ಬೇರೆ ಡ್ರಮ್ಮು ಎರವಲು ತರೋಣವೆಂದರೆ ಆ ಊರಿನಲ್ಲಿ ಡ್ರಮ್ಮು ಇದ್ದದ್ದು ಮುದುಕನ ಮನೆಯಲ್ಲಿ. ದೊಡ್ಡ ಡ್ರಮ್ಮು ಒಂದರಿಂದಲೇ ನಡೆಸಿದರೆ ನಾವು ಬಾರಿಸುವ ಮೊದಲೇ ಸೋತ ಹಾಗೆ.

ಡ್ರಮ್ಮಣ್ಣ ಮೂಲೆಯಲ್ಲಿ ಕೂತ. ನನಗೆ ಅವನ ಮೇಲೆ ಸಿಟ್ಟಿತ್ತು, ಆದರೆ ಆ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಆಮೇಲೆ ಅವನು ಡ್ರಮ್ಮನ್ನು ಮಗುಚಿದ.

ಸಣ್ಣ ಡ್ರಮ್ಮಿಗೆ ಕೆಳಗೂ ಒಂದು ತೊಗಲಿರುತ್ತದೆ. ಅದು ಬಾರಿಸುವುದಕ್ಕಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಅದಕ್ಕೆ ಅಡ್ಡವಾಗಿ ನರದ ತಂತಿಗಳು. ಮೇಲೆ ಹೊಡೆದಾಗ ಕೆಳಗೆ ಆ ತಂತಿಗಳು ನಡುಗಿ ಚರಚರ ಎನ್ನುತ್ತವೆ, ಡ್ರಮ್ಮಿನ ಅಬ್ಬರವೆಲ್ಲ ಅದರಿಂದಲೇ. ಅವನು ತಂತಿಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ತೆಳ್ಳಗಿನ ತೊಗಲಾದ್ದರಿಂದ ಅದು ಆಗಲೇ ಒಣಗಿ ಬಿಗಿಯಾಗಿತ್ತು. ಕೋಲಿನ ತುದಿಯಿಂದ ಮುಟ್ಟಿದ. ಟಣ್ ಎಂದಿತು. ಸಣ್ಣ ಸದ್ದು, ಚೊಕ್ಕ ಸದ್ದು.

"ಚೆಂದ ಐತಿ," ಎಂದೆ ನಾನು.

"ಚೆಂದ ಐತಿ, ಜೋರಿಲ್ಲ. ಜೋರಾಗಿ ಹೊಡದ್ರ ಇದೂ ಹೋಗತೈತಿ." ಇನ್ನೊಮ್ಮೆ ಮುಟ್ಟಿದ. ಆಮೇಲೆ ಮಾಸ್ತರರ ಕಡೆ ತಿರುಗಿ, "ಮಾಸ್ತರ, ನಾ ಅವ್ರ ಎದುರಿಗೆ ಬಾರಸಂಗಿಲ್ಲ. ಅವ್ರ ಜೊತಿ ಬಾರಸ್ತೀನಿ," ಎಂದ.

"ಎದುರುಗೊಳ್ಳಾಕ ಬಂದು ಜೊತಿ ಬಾರಸ್ತಾನಂತ! ತಲಿ ಕೆಟ್ಟೈತೇನ್ಲೇ?"

"ಕೇಳ್ರಿಲ್ಲಿ. ಮುದುಕ ಹೊಡದ ಕಡೆ ನಾನೂ ಹೊಡದ್ರ ನನ್ನ ಸದ್ದು ಯಾರಿಗೂ ಕೇಳಂಗಿಲ್ಲ. ಅವ ಬಿಟ್ಟ ಕಡೆ ಹೊಡದ್ರ ಮೆಲ್ಲಕ ಹೊಡದ್ರೂ ಕೇಳತೈತಿ. ಅವ ಬಿಡೋ ಜಾಗದಾಗ ಇರ್ತೀನಿ. ಅವ ನಿಂದರೋ ತನಕ ನಾ ನಿಂದರಂಗಿಲ್ಲ."

"ಅದು ನಿನ್ನ ಬುಲೂಸು ಅಲ್ಲೇನ್ಲೇ?"

"ಹೂನ್ರಿ," ಎಂದ ಅವನು, ತಲೆ ತಗ್ಗಿಸಿ.

ಮಾಸ್ತರರು ಬಿರಿದ ತೊಗಲನ್ನು ನೋಡಿದರು, ಮಂಜನ್ನು ನೋಡಿದರು, ದೂರದಲ್ಲಿ ಆಗಲೇ ಕೇಳತೊಡಗಿದ್ದ ಸಿರುಗುಪ್ಪದ ಬ್ಯಾಂಡಿಗೆ ಕಿವಿಗೊಟ್ಟರು. "ಸಾಯಿ ಅತ್ತಾಗ. ಮಾಡು," ಎಂದರು. ಒಪ್ಪಿಗೆ ಕೊಡುವುದೆಂದರೆ ಅವರಿಗೆ ಹೀಗೆಯೇ.

ಡ್ರಮ್ಮಣ್ಣ ನನ್ನ ಹತ್ತಿರ ಬಂದ. "ನೀನೂ ಬೇರೆ ಹಾಡು ಹಿಡೀಬ್ಯಾಡ ಲೇ. ಅವ್ರ ಹಾಡಿಗೇ ಸುರ ಕೂಡಸು." ಹೇಳುವುದು ಸುಲಭ. ಅವರ ವಾದ್ಯಗಳ ಶ್ರುತಿ ನಮ್ಮದಕ್ಕಿಂತ ತುಸು ತಗ್ಗಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಹಾಗೆಯೇ ಊದಿದರೆ ಎರಡು ಬೆಕ್ಕು ಜಗಳವಾಡಿದ ಹಾಗಾಗುತ್ತದೆ. ನಾನು ಕ್ಲಾರಿಯೋನೆಟ್ಟಿನ ಬಾಯಿಯ ಕೆಳಗಿನ ಜೋಡಣೆಯನ್ನು ಅಷ್ಟಷ್ಟೇ ಹೊರಕ್ಕೆ ಎಳೆದೆ. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಎಳೆಯುವುದು, ಮೆಲ್ಲಗೆ ಊದುವುದು, ಅವರ ಸದ್ದಿಗೆ ಹೋಲಿಸುವುದು, ಮತ್ತೆ ಎಳೆಯುವುದು. ಹೀಗೆ ಮಾಡುತ್ತಲೇ ದಿಬ್ಬಣದ ಮುಂದೆ ಹೋಗಿ ನಿಂತೆ.

ಊರ ಬಾಗಿಲಲ್ಲಿ ಹನುಮಪ್ಪನ ಗುಡಿ. ಆ ಕಡೆಯಿಂದ ಅವರು ಬಂದರು. ಮುದುಕ ಕುಳ್ಳ, ಬಿಳಿ ಮೀಸೆ, ಡ್ರಮ್ಮು ಮೊಣಕಾಲಿಗೆ ತಾಗುವಷ್ಟು ಕೆಳಗೆ ಕಟ್ಟಿದ್ದ. ಆ ಊರಿನ ತಂಪಿಗೆ ಪಳಗಿದ ಅವನ ತೊಗಲು ಗುಡುಗಿದ ಹಾಗೆ ಮಾತಾಡುತ್ತಿತ್ತು. ಹೆಣ್ಣಿನ ತಂದೆ ತಾಮ್ರದ ತಂಬಿಗೆ ಹಿಡಿದು ಮುಂದೆ ಬಂದರು. ಎರಡೂ ಬ್ಯಾಂಡುಗಳು ಎದುರುಬದುರಾದವು. ಅವತ್ತು ನಾನು ಡ್ರಮ್ಮಣ್ಣನ ಪಕ್ಕದಲ್ಲೇ ನಿಂತಿದ್ದರಿಂದ ಅವನ ಮುಖ ಕಾಣುತ್ತಿತ್ತು.

ಮುದುಕ ಶುರು ಮಾಡಿದ. ಡ್ರಮ್ಮಣ್ಣ ಕೋಲು ಎತ್ತಿಕೊಂಡು ಸುಮ್ಮನೆ ನಿಂತ. ಒಂದು ಆವರ್ತ ಹೋಯಿತು, ಇನ್ನೊಂದೂ ಹೋಯಿತು. ಕುರುಗೋಡಿನವರು ಒಬ್ಬರ ಮುಖ ಒಬ್ಬರು ನೋಡಿದರು. "ಬಾರಸ್ಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಬಳ್ಳಾರಿಯ ಡ್ರಮ್ಮು ಹೆದರಿತು ಎಂದು ಆ ಕಡೆಯ ಹುಡುಗರು ಸಿಳ್ಳೆ ಹಾಕಿದರು. ಆಗ ಮುದುಕನ ಪೆಟ್ಟು ಮುಗಿದು ಮುಂದಿನದು ಬೀಳುವ ನಡುವಿನ ಖಾಲಿಯಲ್ಲಿ, ಕೂದಲೆಳೆಯಷ್ಟು ತಡವಾಗಿ, ಟಣ್ ಎಂದಿತು.

ಮುದುಕ ತಲೆ ಎತ್ತಿದ. ಮತ್ತೆ ಅದೇ ಜಾಗದಲ್ಲಿ ಟಣ್. ಆಮೇಲೆ ಟಣ್ ಟಣ. ಜೋರಿರಲಿಲ್ಲ, ಆದರೆ ಗುಡುಗಿನ ನಡುವೆ ಬಿದ್ದದ್ದರಿಂದ ಒಂದೊಂದೂ ಎಣಿಸುವ ಹಾಗೆ ಕೇಳುತ್ತಿತ್ತು. ನಾನು ಅವರ ಕ್ಲಾರಿಯೋನೆಟ್ಟಿಗೆ ಸ್ವರ ಕೂಡಿಸಿದೆ. ಮೊದಲು ಸ್ವಲ್ಪ ಮೇಲಾಯಿತು, ತುಟಿ ಸಡಿಲಿಸಿದೆ, ಕೂತಿತು. ಅವರ ಕಡೆಯವನು ಬೆಚ್ಚಿ ನನ್ನನ್ನು ನೋಡಿದ, ಆಮೇಲೆ ಕಣ್ಣಲ್ಲೇ ನಕ್ಕ.

ಮುದುಕ ಸುಮ್ಮನೆ ಬಿಡುವವನಲ್ಲ. ನಾಲ್ಕರ ನಡೆಯಲ್ಲಿ ಹೋಗುತ್ತಿದ್ದವನು ಇದ್ದಕ್ಕಿದ್ದಂತೆ ಮೂರರ ನಡೆಗೆ ಹೊರಳಿದ. ಡ್ರಮ್ಮಣ್ಣನ ಒಂದು ಪೆಟ್ಟು ಮುದುಕನ ಪೆಟ್ಟಿನ ಮೇಲೆಯೇ ಬಿದ್ದು ಮುಳುಗಿಹೋಯಿತು. ಅವನು ಕೋಲು ಎತ್ತಿ ನಿಂತು, ಮುದುಕನ ಕೈಯನ್ನಲ್ಲ, ಕಾಲನ್ನು ನೋಡಿದ. ಹಿಮ್ಮಡಿ ಎಲ್ಲಿ ಏಳುತ್ತದೆ ಎಂದು ನೋಡಿ ಅಲ್ಲಿ ಹಾಕಿದ. ಸಿಕ್ಕಿತು. "ಬಾಗುಂದಿರಾ," ಎಂದ ಮುದುಕ ತೆಲುಗಿನಲ್ಲಿ, ಚೆನ್ನಾಗಿದೆ ಕಣೋ ಎಂದು, ಅಷ್ಟು ಸದ್ದಿನಲ್ಲೂ ಕೇಳುವ ಹಾಗೆ. ಆಮೇಲೆ ಅವನು ಇನ್ನೊಂದು ಪಟ್ಟು ಹಾಕಿದ. ಬೇಕೆಂದೇ ಖಾಲಿಯನ್ನು ದೊಡ್ಡದು ಮಾಡಿದ. ನೋಡೋಣ, ಇಷ್ಟು ಜಾಗದಲ್ಲಿ ಏನು ಮಾಡುತ್ತೀಯ ಎಂದು. ಡ್ರಮ್ಮಣ್ಣ ಅದನ್ನು ತುಂಬಿಬಿಡಲಿಲ್ಲ. ಎರಡೇ ಪೆಟ್ಟು ಹಾಕಿ ಉಳಿದದ್ದನ್ನು ಹಾಗೆಯೇ ಬಿಟ್ಟುಕೊಟ್ಟ.

ಅಷ್ಟು ಹೊತ್ತಿಗೆ ಅದು ಎರಡು ಬ್ಯಾಂಡಾಗಿ ಉಳಿದಿರಲಿಲ್ಲ. ಸಿಳ್ಳೆ ಹಾಕುತ್ತಿದ್ದ ಹುಡುಗರು ಕುಣಿಯತೊಡಗಿದ್ದರು. ಎರಡೂ ಕಡೆಯ ಹೆಂಗಸರು ಆರತಿ ತಟ್ಟೆ ಹಿಡಿದೇ ತಲೆ ತೂಗುತ್ತಿದ್ದರು. ಮುನಿಸಿಕೊಂಡು ನಿಂತಿದ್ದ ನಮ್ಮ ಮಾಸ್ತರರು ತಡೆಯಲಾರದೆ ಕಾರ್ನೆಟ್ ಎತ್ತಿದರು. ಅವರ ಕೆನ್ನೆ ಅಷ್ಟು ಉಬ್ಬಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಈ ಗದ್ದಲದ ನಡುವೆ ಹೆಣ್ಣಿನ ತಂದೆ ಬಗ್ಗಿ ಬೀಗರ ಕಾಲು ತೊಳೆದರು, ಪಾನಕ ಕೊಟ್ಟರು.

ಮುದುಕ ಅದನ್ನು ನೋಡಿದ. ನೋಡಿದವನು ಎರಡೂ ಕೋಲನ್ನು ಒಟ್ಟಿಗೆ ಎತ್ತಿ, ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡ. ಅವನ ಬ್ಯಾಂಡು ನಿಂತಿತು. ನಮ್ಮ ಟಣ್ ಟಣ ಒಂದೇ ಒಂಟಿಯಾಗಿ ಸ್ವಲ್ಪ ದೂರ ಹೋಗಿ, ಗಾಬರಿಯಾಗಿ, ಅದೂ ನಿಂತಿತು.

"ಗೆದ್ವಿ!" ಎಂದು ಕುರುಗೋಡಿನವರೆಲ್ಲ ಒಟ್ಟಿಗೆ ಕೂಗಿದರು. ಸಾಹುಕಾರರು ತಮ್ಮ ಪೇಟವನ್ನೇ ತೆಗೆದು ಮಾಸ್ತರರ ತಲೆಗೆ ಸುತ್ತಲು ಹೊರಟರು. ಡ್ರಮ್ಮಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೋತು ಲೇ," ಎಂದ ನನ್ನ ಕಿವಿಯಲ್ಲಿ. "ಮುದುಕನ್ನ ಸೋಲಿಸಿಬಿಟ್ಟೆ. ಅವನ ಮಂದಿ ಮುಂದ. ಹೋತು ನನ್ನ ಮದುವಿ."

"ನೀ ಸೋಲಿಸಿಲ್ಲ, ಅವ ತಾನ ನಿಂತಾನ," ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಕೊರಳಲ್ಲಿ ಡ್ರಮ್ಮು ಹಾಕಿಕೊಂಡೇ ಜನರ ನಡುವೆ ನುಗ್ಗಿ ಮುದುಕನ ಮುಂದೆ ಹೋಗಿ ನಿಂತ. ನಾನೂ ಹಿಂದೆಯೇ ಓಡಿದೆ. ಅವನು ಕಾಲಿಗೆ ಬೀಳಲು ಬಗ್ಗಿದ, ಡ್ರಮ್ಮು ಅಡ್ಡ ಬಂತು. ಇನ್ನೊಂದು ಕಡೆಯಿಂದ ಬಗ್ಗಿದ, ಆಗಲೂ ಅಡ್ಡ ಬಂತು.

"ತಪ್ಪಾತು ಯಜಮಾನ್ರ. ಸೋಲಿಸಬೇಕಂತ ಬಾರಿಸಿಲ್ರಿ," ಎಂದ.

ಮುದುಕ ಅವನ ಡ್ರಮ್ಮನ್ನು ತಿರುಗಿಸಿ ನೋಡಿದ. ಕೆಳಗಿನ ಸುಟ್ಟು ಬಿರಿದ ತೊಗಲನ್ನು ಬೆರಳಿನಿಂದ ಸವರಿ ಮೂಸಿದ. "ಹುಲ್ಲಿಗೆ ಕಾಸಿದೇನು?" ಎಂದು ಕೇಳಿ ನಕ್ಕ. ಆಮೇಲೆ ಗುಡಿಯ ಕಡೆ ಗದ್ದ ಎತ್ತಿ, ಇನ್ನೂ ಒದ್ದೆ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದ ಹೆಣ್ಣಿನ ತಂದೆಯನ್ನು ತೋರಿಸಿದ.

"ಅವ್ರು ಹೆಣ್ಣಿನ ಅಪ್ಪ. ಬೀಗರ ಕಾಲು ತೊಳದ್ರು. ಅವ್ರು ಸೋತ್ರೇನು?"

"ಇಲ್ರಿ."

"ನಾನೂ ಹೆಣ್ಣಿನ ಅ‌ಪ್ಪನೋ ಹುಚ್ಚ. ನಾ ಸೋತಿಲ್ಲ. ಬೀಗರ ಮುಂದ ಕೋಲು ಇಳಿಸೀನಿ."

ನನಗೆ ತಿಳಿಯಿತು, ಕಣ್ಣು ತುಂಬಿತು. ಡ್ರಮ್ಮಣ್ಣನಿಗೆ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಬಾಯಿ ತೆರೆದು ಮುದುಕನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮುದುಕನನ್ನು ನೋಡಿದ. ಆಮೇಲೆ ಗೊಳೋ ಎಂದು ಅಳುತ್ತ ಅವನನ್ನು ತಬ್ಬಿಕೊಳ್ಳಲು ಹೋದ. ಇಬ್ಬರ ಹೊಟ್ಟೆಯ ಮೇಲೂ ಡ್ರಮ್ಮು. ಡ್ರಮ್ಮಿಗೆ ಡ್ರಮ್ಮು ತಾಗಿ ಧಡ್ ಧಡ್ ಎಂದಿತೇ ಹೊರತು ಕೈಗೆ ಕೈ ಮುಟ್ಟಲಿಲ್ಲ. ಅತ್ತ ಮಾಸ್ತರರು ಪೇಟ ಸುತ್ತಿಸಿಕೊಂಡು ಗೆದ್ದೆವು ಗೆದ್ದೆವು ಎನ್ನುತ್ತಲೇ ಇದ್ದರು. ಇತ್ತ ಇವರಿಬ್ಬರೂ ಒಂದು ಮಾರು ದೂರದಿಂದ ಒಬ್ಬರ ಹೆಗಲು ಒಬ್ಬರು ಎಟುಕಿಸಿಕೊಳ್ಳಲು ಒದ್ದಾಡುತ್ತಿದ್ದರು.

ಅದನ್ನು ನೆನೆದರೆ ನನಗೆ ಈಗಲೂ ಒಬ್ಬನೇ ಕೂತಲ್ಲಿ ನಗು ಬರುತ್ತದೆ. ನಕ್ಕು, ಅವನಿಗೆ ಹೇಳೋಣವೆಂದು ಹಿಂದಕ್ಕೆ ತಿರುಗುತ್ತೇನೆ. ಅವನಿಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೆ.